ಒಂಬತ್ತನೇ ಕಂಬದ ಉಡಿ

ನಾನು ಅವನನ್ನು ಮೊದಲ ಸಲ ನೋಡಿದಾಗ ಅವನು ಒಂದು ಕಂಬವನ್ನು ಹೊಡೆಯುತ್ತಿದ್ದ. ನಿಲಂಗಾದ ಅಡತಿ ಬಜಾರಿನ ಹಿಂದೆ ಒಂದು ಗೋದಾಮಿನ ಪಾಯ ನಡೆದಿತ್ತು. ಉದಗೀರದಲ್ಲಿ ಡಿಪ್ಲೊಮಾ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾನು ಸೂಪರ್‌ವೈಸರ್ ಎಂದು ಕೆಲಸಕ್ಕೆ ಸೇರಿದ ಮೊದಲ ದಿನ ಅದು. ನೆಲದಿಂದ ಗೇಣುದ್ದ ಮೇಲೆದ್ದಿದ್ದ ಆ ಕಂಬದ ನಾಲ್ಕೇ ದಿನದ ಹಸಿ ಕಾಂಕ್ರೀಟಿನ ಮೇಲೆ ಅವನು ಘಣ ಎತ್ತಿ ಎತ್ತಿ ಹಾಕುತ್ತಿದ್ದ. ಘಣ ಅಂದರೆ ಕಲ್ಲು ಒಡೆಯುವ ದೊಡ್ಡ ಸುತ್ತಿಗೆ. ಒಂದೊಂದು ಏಟಿಗೂ ಒಂದೊಂದು ಬೈಗುಳ. ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ಕೂಲಿಯವರು ದೂರ ನಿಂತು ಬೀಡಿ ಸೇದುತ್ತಿದ್ದರು.

"ಏನಾಯಿತು?" ಎಂದು ಒಬ್ಬನನ್ನು ಕೇಳಿದೆ.

"ಕಂಬದ ಅಂಗಿ ಹರಿದದರೀ. ಮಣ್ಣ ಹತ್ತ್ಯದ. ಮಿಸ್ತ್ರಿಗಿ ಗೊತ್ತಾಯ್ತು" ಎಂದ.

ಅವನ ಹೆಸರು ಬರೆಯುವುದಿಲ್ಲ. ಊರಲ್ಲೂ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಮಿಸ್ತ್ರಿ. 'ಅವರು' ಎಂದೂ ಬರೆಯುವುದಿಲ್ಲ. ಒಮ್ಮೆ ಬಹುವಚನ ಹಚ್ಚಿ ಮಾತಾಡಿದ್ದಕ್ಕೆ ಹಿಂದೆ ತಿರುಗಿ ನೋಡಿ, "ಯಾರ ಬಂದಾರ? ನಾ ಒಬ್ಬನೇ ಇದ್ದೀನಲ್ಲ" ಎಂದು ಗದರಿಸಿದ್ದ. ಯೆಣೆಗೂರಿನ ಕಡೆ ನಾಲ್ಕು ಎಕರೆ ಸ್ವಂತ ಹೊಲವಿದ್ದ ಶರಣರ ಮನೆತನ ಅವನದು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಕೇಳಬಾರದ ಮಾತು. ಲಿಂಗಪೂಜೆ ಮುಗಿಯುವ ತನಕ ಮಾತ್ರ ಅವನ ಬಾಯಿ ಶುದ್ಧವಾಗಿರುತ್ತಿತ್ತು.

ನಮ್ಮ ಕಡೆಯ ಎರೆ ಮಣ್ಣನ್ನು ಅರಿಯದವರಿಗೆ ಅವನ ಸಿಟ್ಟು ಅರ್ಥವಾಗುವುದಿಲ್ಲ. ಬೇಸಿಗೆಯಲ್ಲಿ ಆ ಕರಿ ನೆಲ ಬಿರಿದು ಬಾಯಿ ಬಿಡುತ್ತದೆ. ಬಿರುಕಿನಲ್ಲಿ ದನ ಹೊಡೆಯುವ ಕೋಲು ಬಿದ್ದರೆ ಮತ್ತೆ ಕೈಗೆ ಸಿಗುವುದಿಲ್ಲ. ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿತ್ತೆಂದರೆ ಅದೇ ಮಣ್ಣು ನೀರು ಕುಡಿದು ಉಬ್ಬುತ್ತದೆ. ಉಬ್ಬುವಾಗ ತನ್ನೊಳಗೆ ನಿಂತದ್ದನ್ನೆಲ್ಲ ಬಿಗಿಯಾಗಿ ಹಿಡಿದು ಮೇಲಕ್ಕೆ ಎತ್ತುತ್ತದೆ. ಗೋಡೆ ಸೀಳುತ್ತದೆ, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ಪಾಯಕ್ಕೆ ಹನ್ನೆರಡು ಹದಿಮೂರು ಅಡಿ ಆಳದ ತೂತು ಕೊರೆದು, ಕೆಳಗಿನ ಗಟ್ಟಿ ಮುರುಮಿನ, ಅಂದರೆ ಗರಸು ನೆಲದ, ತನಕ ಕಾಂಕ್ರೀಟಿನ ಕಂಬ ಇಳಿಸುತ್ತಾರೆ. ಕಂಬದ ಕಾಲು ಗಟ್ಟಿ ನೆಲದಲ್ಲಿ ಇದ್ದರೂ ಮೇಲಿನ ಎಂಟು ಅಡಿ ಎರೆ ಅದರ ಮೈಗೆ ಅಂಟಿಕೊಂಡು ಎಳೆಯುವುದು ತಪ್ಪುವುದಿಲ್ಲ. ಆ ಎಂಟು ಅಡಿಯಲ್ಲಿ ಮಣ್ಣು ಕಂಬವನ್ನು ಮುಟ್ಟಲೇಬಾರದು. ಅವನ ವಿದ್ಯೆಯೆಲ್ಲ ಅಷ್ಟೇ.

ಅವನು ಮೇಲಿನ ತೂತನ್ನು ಅಗಲ ಮಾಡಿ, ಒಳಗೆ ತಗಡಿನ ಕೊಳವೆ ಇಳಿಸುತ್ತಿದ್ದ. ಅದೇ ಕಂಬದ ಅಂಗಿ. ಅಂಗಿಗೂ ಡಾಂಬರು ಬಳಿದ ಕಂಬಕ್ಕೂ ನಡುವೆ ಸುತ್ತಲೂ ಎರಡು ಬೆರಳ ಸಂದು. ಕೊನೆಗೆ ಆ ಸಂದಿನಲ್ಲಿ ಗ್ರೀಸು ಕಲಸಿದ ಕಟ್ಟಿಗೆ ಹೊಟ್ಟು ತುಂಬಿ ಬಾಯಿ ಮುಚ್ಚುವುದು. ಮಣ್ಣು ಉಬ್ಬಿದರೆ ಅಂಗಿ ಮೇಲೆ ಕೆಳಗೆ ಆಡುತ್ತದೆ, ಕಂಬ ಅಲುಗುವುದಿಲ್ಲ. ಪುಸ್ತಕದಲ್ಲಿ ಇದನ್ನು ಓದಿ ನೂರಕ್ಕೆ ಎಪ್ಪತ್ತು ಅಂಕ ತೆಗೆದವನು ನಾನು. ತಿಳಿದದ್ದು ಅವತ್ತು, ಅವನು ಘಣ ಕೆಳಗಿಟ್ಟು ನನ್ನ ಹತ್ತಿರ ಬಂದಾಗ.

"ಹೊಸ ಸಾಹೇಬ್ರೇನು? ಕೈ ಕೊಡ್ರಿ" ಎಂದ. ಕೊಟ್ಟೆ. ನನ್ನ ಮಣಿಕಟ್ಟನ್ನು ಮುಷ್ಟಿಯಲ್ಲಿ ಹಿಡಿದು ಒಂದೇ ಏಟಿಗೆ ಮೇಲಕ್ಕೆತ್ತಿದ. ನನ್ನ ಹಿಮ್ಮಡಿ ನೆಲ ಬಿಟ್ಟಿತು. ತೋಳು ಕಿತ್ತು ಬಂದಂತಾಗಿ ಕೂಗಿದೆ. "ಎರಿ ಹಿಂಗ ಎತ್ತತದ" ಎಂದ. ಆಮೇಲೆ ಅದೇ ಮಣಿಕಟ್ಟಿಗೆ ಗ್ರೀಸು ಹಚ್ಚಿ ಮತ್ತೆ ಹಿಡಿದ. ಈ ಸಲ ಅವನ ಮುಷ್ಟಿ ಜಾರಿ ಬರಿಗೈ ಮೇಲೆ ಹೋಯಿತು. "ನಿಮಗ ಪುಸ್ತಕ ಓದ್ಲಿಕ್ ಬರ್ತದ. ಮಣ್ಣಿಂದು ಇಷ್ಟೇ ನೋಡ್ರಿ" ಎಂದು ಹೋದ. ನನ್ನ ಇಸ್ತ್ರಿ ಅಂಗಿಯ ತೋಳಿಗೆ ಗ್ರೀಸು ಹತ್ತಿ ಹಾಳಾಗಿತ್ತು. ಮಣಿಕಟ್ಟು ಎಂಟು ದಿನ ನೋಯಿತು.

ಹೊಡೆಯುವುದರಲ್ಲಿ ಅವನಿಗೆ ಹಿರಿಯ ಕಿರಿಯ ಎಂಬ ಭೇದವಿರಲಿಲ್ಲ. ಉದಗೀರದಲ್ಲಿ ಒಬ್ಬ ಗುತ್ತೇದಾರ, ಮಿಸ್ತ್ರಿ ಊಟಕ್ಕೆ ಹೋದ ಹೊತ್ತು ನೋಡಿ, ಅಂಗಿಯನ್ನೇ ಹಾಕದೆ ಎರಡು ಕಂಬ ಎರಕ ಹೊಯ್ದು ಮೇಲೆ ಮಣ್ಣು ಎಳೆಸಿದ. ಇವನು ಬಂದು ಹಾರೆಯಿಂದ ಚುಚ್ಚಿ ನೋಡಿದ, ಗೊತ್ತಾಯಿತು. ಗುತ್ತೇದಾರನ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋಗಿ, ಪಕ್ಕದ ಖಾಲಿ ತೂತಿನಲ್ಲಿ ಅವನ ಎರಡೂ ಕಾಲು ಇಳಿಸಿ, ಸುತ್ತಲೂ ಹಸಿ ಎರೆ ತುಂಬಿ ಹಾರೆಯ ಹಿಂದಲೆಯಿಂದ ಧಮ್ಮಸು ಮಾಡತೊಡಗಿದ. ಮೊಣಕಾಲಿನ ತನಕ ಮುಚ್ಚಿದ್ದ, ಅಷ್ಟರಲ್ಲಿ ಐದು ಜನ ಸೇರಿ ಬಿಡಿಸಿದರು. "ಈಗ ಹೊರಗ ಬಾ ನೋಡ್ತೀನಿ! ಕಂಬಕ್ಕರೆ ಬಾಯಿಲ್ಲ, ನಿನಗ ಅದಲ್ಲ, ಒದರು!" ಎಂದು ಇವನೇ ಒದರುತ್ತಿದ್ದ. ಆಮೇಲೆ ಗುತ್ತೇದಾರನ ಕಡೆಯವರು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಇವನ ಎರಡು ಹಲ್ಲು ಉದುರಿಸಿದರು. ಮರುದಿನ ರಕ್ತ ಉಗುಳುತ್ತಲೇ ಕೆಲಸಕ್ಕೆ ಬಂದ. ಲೆಕ್ಕ ಹಾಕಿದರೆ ಅವನು ಹೊಡೆದದ್ದಕ್ಕಿಂತ ಹೊಡೆಸಿಕೊಂಡದ್ದೇ ಹೆಚ್ಚು.

ಯಾಕೆ ಇಷ್ಟು ರೋಷ ಎಂದು ಒಮ್ಮೆ ಕೇಳಿದ್ದೆ. ಯೆಣೆಗೂರಿನ ಒಂದು ಧಾಬಾದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅವನು ರೊಟ್ಟಿ ಮುರಿಯುತ್ತಲೇ ಹೇಳಿದ. ದೇವಣಿ ಕಡೆಯ ಅಜ್ಜಿಯ ಊರಲ್ಲಿ ಮಣ್ಣಿನ ಮನೆ. ಅವನು ಏಳು ವರ್ಷದವನಿದ್ದಾಗ ಒಂದು ಮಳೆಗಾಲ, ನೆಲ ಉಬ್ಬಿ ಬಾಗಿಲು ಸಿಕ್ಕಿಕೊಂಡಿತು. ಒಳಗೆ ಅವ್ವ, ತೊಟ್ಟಿಲಲ್ಲಿ ತಂಗಿ. ಅವ್ವ ಒಳಗಿನಿಂದ ಎಳೆಯುತ್ತಿದ್ದಳು, ಇವನು ಹೊರಗಿನಿಂದ ಒದೆಯುತ್ತಿದ್ದ. ಗೋಡೆ ಒಳಕ್ಕೆ ಬಿತ್ತು. ತಂಗಿಯ ತೊಟ್ಟಿಲ ಮೇಲೆ ತೊಲೆ ಅಡ್ಡ ಬಿದ್ದು ಮಗು ಉಳಿಯಿತು. ಅವ್ವ ಉಳಿಯಲಿಲ್ಲ.

"ನಾ ಒದ್ದಿದ್ದಕ್ಕೇ ಬಿತ್ತೋ, ಮಣ್ಣ ಎತ್ತಿದ್ದಕ್ಕ ಬಿತ್ತೋ, ಇಲ್ಲಿತನ ಗೊತ್ತಾಗಿಲ್ರೀ" ಎಂದ. ಆಮೇಲೆ ಮಾಣಿಗೆ ಶೇಂಗಾ ಚಟ್ನಿ ಯಾಕೆ ಇಷ್ಟು ತಡ ಎಂದು ಬೈದ.

ಆ ತಂಗಿಯನ್ನು ನಿಲಂಗಾದಿಂದ ದೇವಣಿಗೆ ಹೋಗುವ ರಸ್ತೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಒಕ್ಕಲುತನದ ಮನೆ, ಗಂಡ ಒಳ್ಳೆಯವನು, ಮೂವರು ಮೈದುನರು, ಒಬ್ಬ ಅತ್ತೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಅವರು ಹೊಲದ ದಂಡೆಗೆ ಹೊಸ ಮನೆ ಕಟ್ಟಲು ಹೊರಟಾಗ ಮಿಸ್ತ್ರಿ ಯಾರನ್ನೂ ಕೇಳದೆ ತನ್ನ ತೂತು ಕೊರೆಯುವ ಬರ್ಮಾ, ತಗಡು, ಡಾಂಬರಿನ ಪೀಪಾಯಿ ಎಲ್ಲ ಗಾಡಿಗೆ ಹೇರಿಕೊಂಡು ಹೋದ. ನನ್ನನ್ನೂ ಎಳೆದುಕೊಂಡು ಹೋದ. "ಆಕಿ ಮ್ಯಾಲ ಇನ್ನೊಂದು ಗ್ವಾಡಿ ಬೀಳಬಾರದ್ರೀ" ಎಂದ. ಒಂಬತ್ತು ಕಂಬ. ಒಂಬತ್ತಕ್ಕೂ ಅಂಗಿ. ನಾನು ಅವನ ಅಷ್ಟು ಚೊಕ್ಕ ಕೆಲಸವನ್ನು ಬೇರೆಲ್ಲೂ ನೋಡಿಲ್ಲ. ಅಲ್ಲಿ ಬೈಗುಳವೂ ಕಡಿಮೆಯಾಗಿತ್ತು.

ಇಲ್ಲಿ ಒಂದು ಪದ್ಧತಿ ಹೇಳಬೇಕು. ಆ ಮನೆತನಗಳಲ್ಲಿ ಹೊಸ ಮನೆಯ ಕಂಬ ನಿಲ್ಲಿಸಿದಾಗ, ಹೆಣ್ಣಿಗೆ ಮಡಿಲು ತುಂಬುವಂತೆ, ಕಂಬಕ್ಕೆ ಉಡಿ ತುಂಬುತ್ತಾರೆ. ಐದು ಜನ ಮುತ್ತೈದೆಯರು ಸ್ವಂತ ಹೊಲದ ಮಣ್ಣನ್ನು ಸೆರಗಿನಲ್ಲಿ ತಂದು, ಅರಿಶಿನ ಕುಂಕುಮ ಬೆರೆಸಿ, ಕಂಬದ ಕುಣಿಗೆ ಐದೈದು ಬೊಗಸೆ ಹಾಕುವುದು. ಆಮೇಲೆ ಗಂಡಸರು ಬುಟ್ಟಿಗಟ್ಟಲೆ ಮಣ್ಣು ಸುರಿದು, ನೀರು ಬಿಟ್ಟು, ಒನಕೆಯಿಂದ ಕುಟ್ಟುವುದು. ಕಂಬದ ಸುತ್ತ ಎಷ್ಟು ಬಿಗಿಯೋ ಮನೆ ಅಷ್ಟು ಬಿಗಿ ಎಂಬುದು ಅವರ ನಂಬಿಕೆ. ಉಡಿ ಖಾಲಿ ಬಿಟ್ಟ ಕಂಬದ ಮನೆಯಲ್ಲಿ ತೊಟ್ಟಿಲು ತೂಗುವುದಿಲ್ಲ ಎಂಬುದು ಅವಳ ಅತ್ತೆಯ ನಂಬಿಕೆ. ಕಟ್ಟಿಗೆ ಕಂಬದ ಕಾಲಕ್ಕೆ ಅದು ಸರಿಯೇ ಇತ್ತೇನೋ. ನಮ್ಮ ಎರಡು ಬೆರಳ ಸಂದಿಗೆ ಅದು ವಿಷ.

ಮಿಸ್ತ್ರಿ ಗ್ರೀಸಿನ ಡಬ್ಬಿ ತರಲು ಬೆಳಿಗ್ಗೆ ಉಮರ್ಗಾಕ್ಕೆ ಹೋದ. ಹೋಗುವಾಗ ನನಗೆ ಹೇಳಿದ: "ಸಾಹೇಬ್ರೇ, ನಾ ಬರೋತನ ಒಂದು ಸಣ್ಣ ಹಳ್ಳು ಸುದ್ದಾ ಒಳಗ ಬೀಳಬಾರದು." ಹತ್ತು ಗಂಟೆಗೆ ಹೆಂಗಸರು ಹಾಡುತ್ತಾ ಬಂದರು. ತಂಗಿ ಮುಂದೆ ಇದ್ದಳು, ಹಸಿರು ಸೀರೆ, ಕೈತುಂಬ ಹಸಿರು ಬಳೆ. ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಹಾಕ್ಲೇನ್ರಿ ಅಣ್ಣಾರೇ? ಅಣ್ಣ ಬಂದ್ರ ಹಾಕಗೊಡಂಗಿಲ್ಲ" ಎಂದಳು. ಅವಳ ಮುಖ ನೋಡಿ ಬೇಡ ಎನ್ನಲಾಗದೆ "ಹಾಕ್ರಿ" ಎಂದೆ. ಐದು ಬೊಗಸೆ ತಾನೇ, ಆಮೇಲೆ ತೆಗೆದರಾಯಿತು ಎಂದುಕೊಂಡೆ. ಓದಿದವನ ಸಡಿಲುತನ ಅದು. ಅವರು ಕೊಟ್ಟ ಹೋಳಿಗೆ ತಿನ್ನುತ್ತ ಕೂತೆ. ತಿಂದು ಕೈತೊಳೆಯುವಷ್ಟರಲ್ಲಿ ಮೈದುನರು ಒಂಬತ್ತು ಕಂಬದ ಸಂದನ್ನೂ ಬಾಯಿ ತನಕ ತುಂಬಿ, ನೀರು ಬಿಟ್ಟು, ಕಬ್ಬಿಣದ ಸಳಿಯಿಂದ ಚುಚ್ಚಿ ಚುಚ್ಚಿ ಕುಟ್ಟಿದ್ದರು.

ಬಸ್ಸಿಳಿದು ಬಂದ ಮಿಸ್ತ್ರಿ ಡಬ್ಬಿಯನ್ನು ಅಲ್ಲೇ ಬಿಟ್ಟ. ಮೈದುನನ ಕೈಯಿಂದ ಹಾರೆ ಕಸಿದುಕೊಂಡು ಮೊದಲ ಕಂಬದ ಸಂದಿಗೆ ಹಾಕಿದ. ಆರತಿ ತಟ್ಟೆ ಕಾಲಿಗೆ ಸಿಕ್ಕಿ ಹಾರಿಹೋಯಿತು. ಅತ್ತೆ ಶಾಪ ಹಾಕತೊಡಗಿದಳು. ತಂಗಿ ಓಡಿಬಂದು ಕಂಬವನ್ನು ಎರಡೂ ಕೈಯಿಂದ ಅಪ್ಪಿ ಕೂತಳು.

"ಉಡಿ ಖಾಲಿ ಮಾಡಬ್ಯಾಡೋ ಅಣ್ಣಾ! ನಿನ್ನ ಕಾಲ ಬೀಳ್ತೀನಿ!"

"ಆಚಿಗಿ ಸರಿ!"

"ಸರಿಯಂಗಿಲ್ಲ!"

ಹಾರೆ ಬಿತ್ತು. ಡಾಂಬರು ಹತ್ತಿದ ತಗಡಿನ ಅಂಚಿಗೆ ತಾಗಿ ಜಾರಿ ಅವಳ ಎಡ ಮಣಿಕಟ್ಟಿನ ಮೇಲೆ ಬಿತ್ತು. ಬಳೆ ಒಡೆದ ಸದ್ದು ಕೇಳಿತು, ಅದರ ಹಿಂದೆಯೇ ಇನ್ನೊಂದು ಸದ್ದು. ಅವನಿಗೆ ತಿಳಿಯಲೇ ಇಲ್ಲ, ಮತ್ತೆರಡು ಏಟು ಮಣ್ಣಿಗೆ ಹಾಕಿದ. ಮೂರನೆಯದಕ್ಕೆ ಹಾರೆ ಎತ್ತಿದಾಗ ಹಸಿರು ಚೂರುಗಳ ನಡುವೆ ಸೊಟ್ಟಗೆ ತಿರುಗಿದ ಅವಳ ಕೈ ಕಂಡಿತು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಮೂವರು ಮೈದುನರು ಒನಕೆ ಹಿಡಿದು ಅವನ ಮೇಲೆ ಬಿದ್ದರು. ಅವನು ಕೈ ಅಡ್ಡ ಹಿಡಿಯಲಿಲ್ಲ. ಹೆಗಲ ಮೂಳೆ ಮುರಿಯಿತು, ಕಿವಿಯಿಂದ ರಕ್ತ ಬಂತು. ನಾನು ಹೋಳಿಗೆ ತಿಂದ ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದೆ. 'ತಪ್ಪು ನನ್ನದು, ನಾನೇ ಹಾಕಿ ಅಂದೆ' ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅಣ್ಣ ತಂಗಿ ಇಬ್ಬರನ್ನೂ ಒಂದೇ ಜೀಪಿನಲ್ಲಿ ದವಾಖಾನೆಗೆ ಒಯ್ದರು. ಹಾರೆ ಜಾರಿತು ಎಂದು ಅವನು ಅವತ್ತೂ ಹೇಳಲಿಲ್ಲ, ಆಮೇಲೂ ಯಾರ ಮುಂದೆಯೂ ಹೇಳಲಿಲ್ಲ. ಕಣ್ಣಾರೆ ನೋಡಿದವನು ನಾನೂ ಹೇಳಲಿಲ್ಲ.

ಹನ್ನೆರಡನೇ ದಿನ ಅವನು ಎಡಗೈಯನ್ನು ಕೊರಳಿಗೆ ಕಟ್ಟಿಕೊಂಡು ಆ ಹಳ್ಳಿಗೆ ಮತ್ತೆ ಹೋದ. ನಾನೂ ಹೋದೆ, ಇಷ್ಟಾದರೂ ಮಾಡಬೇಕಿತ್ತು. ಉದ್ದ ಕಬ್ಬಿಣದ ಸಳಿಯ ತುದಿಗೆ ಅಡುಗೆಯ ಸೌಟನ್ನು ಬಡಿದು ಚಪ್ಪಟೆ ಮಾಡಿ ಬೆಸೆಸಿದ್ದ. ಮೊದಲ ಕಂಬದ ಮುಂದೆ ಬೋರಲು ಮಲಗಿ ಸಂದಿನಿಂದ ಸೌಟು ಸೌಟಾಗಿ ಮಣ್ಣು ತೆಗೆಯತೊಡಗಿದ. ಹಿರಿ ಮೈದುನ ಕೋಲು ತಂದು ಬೆನ್ನ ಮೇಲೆ ಬಾರಿಸಿದ. ಇವನು ಏಳಲಿಲ್ಲ. ಇನ್ನೊಂದು ಬಾರಿಸಿದ.

"ಹೊಡೀರಿ, ಹೊಡೀರಿ. ಆದ್ರ ಮಿರಗ ಬರ್ಲತ್ತದ. ಜರಾ ಜಲ್ದಿ ಹೊಡೀರಿ" ಎಂದ.

ಕೋಲು ಹಿಡಿದವನು ಬೇವಿನ ನೆರಳಿಗೆ ಹೋಗಿ ಕೂತ. ದಿನಕ್ಕೊಂದು ಕಂಬದಂತೆ ಎಂಟು ದಿನ, ಎಂಟು ಕಂಬ. ಖಾಲಿಯಾದ ಸಂದಿಗೆ ನಾನು ಗ್ರೀಸು ಹೊಟ್ಟು ತುಂಬುತ್ತ ಬಂದೆ. ಒಂಬತ್ತನೇ ದಿನ ಹೋದಾಗ ದೇವರ ಕೋಣೆ ಬರುವ ಮೂಲೆಯ ಕಂಬದ ಮೇಲೆ ತಂಗಿ ಕೂತಿದ್ದಳು, ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿ.

"ಎಂಟು ತೆಗದಿ. ಇದಕ್ಕ ಕೈ ಹಚ್ಚಬ್ಯಾಡ. ಇದು ನನ್ನ ಕಂಬ."

"ಇದು ಎತ್ತತದ ತಂಗಿ. ಗ್ವಾಡಿ ಸೀಳ್ತದ."

"ಸೀಳ್ಲಿ. ನನ್ನ ಕೈ ಸೀಳಿಲ್ಲೇನು?"

ಯಾರದೇ ಕಂಬವಾಗಿದ್ದರೂ ಘಣ ಎತ್ತುತ್ತಿದ್ದ ಮನುಷ್ಯ ಸಳಿಯನ್ನು ಅಲ್ಲೇ ಬೇವಿನ ಮರಕ್ಕೆ ಆನಿಸಿ ಬಿಟ್ಟ. ಅಷ್ಟಕ್ಕೇ ಬಿಟ್ಟು ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ತಿರುಗಿ ಹೊರಟವನು, ಹಾಳಾದ ಬಾಯಿ, ಅಂದುಬಿಟ್ಟ: "ಮಣ್ಣಿಲೆ ಉಡಿ ತುಂಬಿದ್ರ ಹೆಣಾ ಹುಟ್ಟತದ, ಕೂಸಲ್ಲ."

ಆವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಹನ್ನೊಂದು ವರ್ಷ.

ಮೊದಲ ಮಳೆಗೇ ಆ ಮೂಲೆ ಎದ್ದಿತು. ದೇವರ ಕೋಣೆಯ ಗೋಡೆ ಕೆಳಗಿನಿಂದ ಕಿಟಕಿಯ ತನಕ ಸೀಳಿತು. ಬೇಸಿಗೆಗೆ ಅವಳು ಸಿಮೆಂಟು ತುಂಬಿಸುವಳು, ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುವುದು. ಉಳಿದ ಎಂಟು ಕಂಬದ ಮನೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ. ಮರುವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತು, ಗಟ್ಟಿಮುಟ್ಟಾದ ಮಗು. ಹೆಸರಿಡಲು ಇವನನ್ನು ಕರೆಯಲಿಲ್ಲ. ನಾನು ಹೋಗಿ ಬಂದು ಸುದ್ದಿ ಹೇಳಿದಾಗ ಅವನು ಡಾಂಬರು ಕಾಯಿಸುತ್ತಿದ್ದ. ಬೆಂಕಿಯ ಕಡೆಯೇ ಮುಖ ಮಾಡಿ, "ಎಂಟು ಕಂಬ ನಾ ಗೆದ್ದೆ, ಒಂದು ಆಕಿ ಗೆದ್ದಳು. ಆಕೀದೇ ದೊಡ್ಡದು" ಎಂದ. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಬೈದುಕೊಳ್ಳುತ್ತ ಬಹಳ ಹೊತ್ತು ಒರೆಸಿಕೊಂಡ. ನಾನು ಬೇರೆ ಕಡೆ ನೋಡಿದೆ.

ಪ್ರತಿ ವರ್ಷ ಮಿರಗ ಮುಗಿದ ಮೇಲೆ ಅವನು ಆ ಹಳ್ಳಿಯ ಬಸ್ಸು ಹತ್ತುತ್ತಿದ್ದ. ಹಳ್ಳಿಗೆ ದಾರಿ ಒಡೆಯುವ ಫಾಟಾದಲ್ಲಿ ಇಳಿದು, ರಸ್ತೆಯ ಆಚೆಗೆ ನಿಂತು ಆ ಬಿರುಕನ್ನು ನೋಡಿ, ಬರುವ ಬಸ್ಸಿಗೆ ವಾಪಸಾಗುತ್ತಿದ್ದ. ಈ ವರ್ಷ ಎಷ್ಟು ಬೆಳೆದಿದೆ ಎಂದು ನನಗೆ ಬೆರಳು ಹಿಡಿದು ತೋರಿಸುತ್ತಿದ್ದ. "ಒಳಗ ಹೋಗೋ ಮಾರಾಯಾ" ಎಂದರೆ, "ಆಕಿ ಕರದಿಲ್ಲಲ್ಲ" ಎನ್ನುತ್ತಿದ್ದ. ಹೆಂಡತಿ ಮಕ್ಕಳನ್ನು ಅವನು ಕಟ್ಟಿಕೊಂಡವನಲ್ಲ. ಆ ಬಸ್ಸಿನ ಪ್ರಯಾಣವೇ ಅವನ ಸಂಸಾರವಾಗಿತ್ತು.

ಹೋದ ಆಷಾಢದ ಒಂದು ಮಧ್ಯಾಹ್ನ, ಕೆಲಸದ ಜಾಗದಲ್ಲೇ, ಬರ್ಮಾದ ಹಿಡಿಕೆಯ ಮೇಲೆ ಎದೆ ಊರಿ ಕುಸಿದವನು ಮತ್ತೆ ಏಳಲಿಲ್ಲ. ನಾನು ಅವಳಿಗೆ ಫೋನು ಮಾಡಿದೆ. ಸುದ್ದಿ ಹೇಳಿದೆ. ಹನ್ನೊಂದು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನೂ ಅವತ್ತೇ ಹೇಳಿಬಿಟ್ಟೆ. "ತಂಗೀ, ಮಣ್ಣ ಹಾಕ್ರಿ ಅಂದಾಂವ ನಾ. ಹಾರಿ ಜಾರಿತ್ತವ್ವಾ, ಅಂವಾ ಬೇಕಂತ ಹೊಡದಿಲ್ಲ. ನಾ ನೋಡೀನಿ."

"ಜಾರಿದ್ದು ನನಗ ಗೊತ್ತಿಲ್ಲೇನ್ರಿ? ಕೈ ನಂದಲ್ಲೇನು?" ಎಂದಳು. "ಅಂವಾ ಬಾಯಿಲೆ ಅಂದಿದ್ದು ಜಾರಿದ್ದಿಲ್ಲ." ಫೋನು ಇಟ್ಟಳು.

ಮರುದಿನ ಅವನ ಹೊಲದಲ್ಲೇ ಕುಣಿ ತೋಡಿದ್ದರು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುವುದು. ಮಳೆ ಬಿಟ್ಟಿತ್ತು, ಎರೆ ಸಲಿಕೆಗೆ ಹತ್ತಿ ಬಿಡುತ್ತಿರಲಿಲ್ಲ. ಮೈತುಂಬ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಅವನನ್ನು ಒಳಗೆ ಕೂರಿಸಿದರು. ಸುತ್ತಲೂ ಕರಿ ಮಣ್ಣಿನ ಗೋಡೆ ಅವನ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಅಯ್ಯನವರು ವಿಧಿ ಮುಗಿಸಿ ಮಣ್ಣು ಹಾಕಿ ಎಂದರು. ಜರಾ ತಡೆಯಿರಿ, ತಂಗಿ ಬರಬೇಕು ಎಂದೆ. ಆಕಿ ಬರಂಗಿಲ್ಲ ಎಂದರು ಊರವರು. ಮೋಡ ಮತ್ತೆ ಕಟ್ಟುತ್ತಿತ್ತು. ಎರಡು ಸಲ ಸಲಿಕೆ ಎತ್ತಿದವರ ಕೈ ಹಿಡಿದು ನಿಲ್ಲಿಸಿದೆ. ಮೂರನೇ ಸಲ ನನಗೂ ಬೈದರು.

ಆಗ ರಸ್ತೆಯಲ್ಲಿ ಜೀಪು ನಿಂತಿತು. ಅವಳು ಇಳಿದು ಕೆಸರಲ್ಲಿ ನಡೆದು ಬಂದಳು. ಜೊತೆಗೆ ಗಂಡ, ಮಗಳು. ಮಗಳ ಕೈಯಲ್ಲಿ ಉದ್ದ ಸಳಿ ಇತ್ತು, ತುದಿಗೆ ಚಪ್ಪಟೆ ಸೌಟು. ತಂಗಿಯ ಎರಡೂ ಕೈ ಮೊಣಕೈ ತನಕ ಡಾಂಬರು ಹತ್ತಿ ಕರ್ರಗಾಗಿದ್ದವು, ಉಗುರಿನಲ್ಲಿ ರಕ್ತ. ಎಡ ಮಣಿಕಟ್ಟು ಇನ್ನೂ ಸೊಟ್ಟಗೇ ಇತ್ತು. ಸೆರಗಿನ ಉಡಿಯಲ್ಲಿ ಏನೋ ಭಾರವಾದದ್ದನ್ನು ಕಟ್ಟಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ಕುಣಿಯ ಅಂಚಿಗೆ ಮಂಡಿಯೂರಿ ಕೂತು, ಕೆಳಗೆ ಬಗ್ಗಿ, ಒಳಗೆ ಕೂತವನ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

"ಅಣ್ಣಾ, ಒಂಬತ್ತನೇದೂ ಖಾಲಿ ಮಾಡಿ ಮಣ್ಣ ತಂದೀನಿ. ಈಗ ಹಾಕ್ಲೇನು?"

ಸ್ವಲ್ಪ ಹೊತ್ತು ಕಾದಳು. ಆಮೇಲೆ ಉಡಿಯ ಗಂಟು ಬಿಚ್ಚಿದಳು.